ಕಿಮೋಯ್ ಹಾಸದ ತಾಯಿಪಟ್ಟಿ

ತಾಯಿಪಟ್ಟಿಗಳನ್ನು ಸುಟ್ಟ ದಿನ ಎಲ್ಲರಿಗಿಂತ ಮೊದಲು ತನ್ನದನ್ನು ಬೆಂಕಿಗೆ ಎಸೆದವಳು ಕಿಮೋಯ್. ದೀಕ್ಷಾಸ್ನಾನದ ನೀರು ಅವಳ ತಲೆಯಲ್ಲಿ ಇನ್ನೂ ಆರಿರಲಿಲ್ಲ. ಚರ್ಚಿನ ಅಂಗಳದ ಜಾಲಿಮರದ ಕೆಳಗೆ ಬೆಂಕಿ ಹಾಕಿಸಿದ್ದ ಉಪದೇಶಿ, ಹಳೆಯ ನಂಬಿಕೆಯ ವಸ್ತು ಯಾರ ಮನೆಯಲ್ಲೂ ಉಳಿಯಕೂಡದು ಎಂದಿದ್ದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಆ ಪಟ್ಟಿ ಎಂದರೆ ಸಾಮಾನ್ಯವೆ? ಚೊಚ್ಚಲ ಹೆರಿಗೆಯಾದ ಮೇಲೆ ಸಡಿಲಾದ ಹೊಟ್ಟೆಗೆ ತಾಯಿ ಬಿಗಿದು ಕಟ್ಟುವ, ಕವಡೆಯ ಸಾಲು ಹೊಲಿದ ತೊಗಲು ಅದು. ಹೆತ್ತವಳು ಅದನ್ನು ಬಿಚ್ಚಿ ಕಾದಾಡುವ ಗಂಡಸರ ನಡುವೆ ಹಾಸಿದಳೆಂದರೆ ದಾಟುವ ಗಂಡು ಕೆರಿಯೊ ಹೊಳೆಯ ಈ ದಡದ ಮರಕ್ವೆತ್ ಜನರಲ್ಲೂ ಇಲ್ಲ, ಆ ದಡದ ಪೊಕೊತ್ ಜನರಲ್ಲೂ ಇಲ್ಲ. ದಾಟಿದವನು ತಾನು ಮಲಗಿದ್ದ ಗರ್ಭವನ್ನೇ ತುಳಿದ ಹಾಗೆ.

"ಏನ್ರೇ, ಸತ್ತ ಹಾವು ನೋಡ್ದಂಗೆ ನೋಡ್ತಾ ನಿಂತಿದೀರಾ? ಹಾಕ್ರೇ!" ಎಂದು ಕಿಮೋಯ್ ಗದರಿದಳು. ಪಕ್ಕದಲ್ಲಿ ನಿಂತಿದ್ದ ಗೆಳತಿ ಜೆಬಿವೊತ್‌ಳ ಕೈಯಿಂದ ಅವಳದನ್ನೂ ಕಿತ್ತುಕೊಂಡು ಎಸೆದಳು. ಕವಡೆಗಳು ಬೆಂಕಿಯಲ್ಲಿ ಚಟಚಟ ಸಿಡಿದವು.

ಸಂಜೆ ಮನೆಗೆ ಬಂದಾಗ ಅತ್ತೆ ಕೊಬಿಲೊ ಬಾಗಿಲಲ್ಲೇ ಕೂತಿದ್ದಳು.

"ಸುಟ್ಟು ಬಂದೆಯೇನೇ?"

"ಸುಟ್ಟೆ ಅತ್ತೆ. ಇನ್ಮೇಲೆ ನಮಗೆ ಯೇಸು ಇದ್ದಾನೆ."

"ಇರ್ಲಿ ಬಿಡು, ಯಾರು ಬೇಡ ಅಂದ್ರು. ನಾಳೆ ಗಂಡಸ್ರು ಬಿಲ್ಲು ತಗೊಂಡ್ರೆ ನಿನ್ನ ಯೇಸುನ ಎಲ್ಲಿ ಹಾಸ್ತೀಯ?"

ಈ ಮಾತಿಗೆ ಕಿಮೋಯ್ ಅಂದು ನಕ್ಕಳು. ಮುಂದಿನ ಮಳೆಗಾಲ ಮುಗಿಯುವ ಮೊದಲೇ ನಗು ಹೋಯಿತು. ಮೇವಿನ ಜಗಳ ಬೆಳೆದು ಎರಡೂ ದಡದ ಗಂಡಸರು ಹೊಳೆಯ ಮರಳಿನಲ್ಲಿ ಎದುರಾದರು. ಹೆಂಗಸರು ಓಡಿದರು. ಚರ್ಚಿನ ಹೆಂಗಸರು ಮರಳಿನ ನಡುವೆ ಮಂಡಿಯೂರಿ, ಕೈ ಮೇಲೆತ್ತಿ ಹಾಡತೊಡಗಿದರು. ಗಂಡಸರು ಅವರನ್ನು ಬಳಸಿಕೊಂಡು, ಮಂದೆ ಬಂಡೆಯನ್ನು ಬಳಸಿ ಹೋಗುವ ಹಾಗೆ, ಮುಂದೆ ಹೋದರು. ಈ ದಡದಲ್ಲಿ ಪಟ್ಟಿ ಉಳಿಸಿಕೊಂಡಿದ್ದವಳು ಕೊಬಿಲೊ ಒಬ್ಬಳೇ. ಕೋಲೂರಿಕೊಂಡು ಅವಳು ದಡ ಮುಟ್ಟುವಷ್ಟರಲ್ಲಿ ಕಿಮೋಯ್‌ಳ ಗಂಡ ಯಾನೊ ಕುತ್ತಿಗೆಯಲ್ಲಿ ಬಾಣ ನೆಟ್ಟುಕೊಂಡು ನೀರಂಚಿನಲ್ಲಿ ಬಿದ್ದಿದ್ದ. ಬಾಣ ಬಿಟ್ಟ ಪೊಕೊತ್ ಗಂಡಸನ್ನು ಯಾನೊನ ತಮ್ಮ ಸುಟೆರ್ ಅಲ್ಲೇ ಕೆಡವಿದ. ಆ ಸತ್ತವನ ಹೆಂಡತಿ ಚೆಪುಸೆಪ ತುಂಬು ಬಸುರಿ. ಕಿಮೋಯ್‌ಳ ಬೆನ್ನ ಮೇಲೆ ಹಾಲು ಬಿಡದ ಮಗ ಕಿಸಾಂಗ್.

ಅತ್ತೆ ಅವಳನ್ನು ಒಂದು ಮಾತೂ ಬೈಯಲಿಲ್ಲ. ಅದೇ ಕಿಮೋಯ್‌ಳಿಗೆ ತಡೆಯಲಾಗದ್ದಾಯಿತು.

ಬೇರೆ ಯಾರೇ ಆಗಿದ್ದರೂ ಚರ್ಚು ಬಿಟ್ಟು ಹೊಸ ಪಟ್ಟಿ ಹೊಲಿಸಿಕೊಳ್ಳುತ್ತಿದ್ದರು, ಇಲ್ಲವೆ ಚರ್ಚಿನ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಕಿಮೋಯ್ ಇವೆರಡನ್ನೂ ಮಾಡಲಿಲ್ಲ. ಸೂತಕ ಕಳೆದ ಬೆಳಿಗ್ಗೆ ಸೋರೆಬುರುಡೆಗೆ ಹುಳಿಹಾಲು ತುಂಬಿಕೊಂಡು, ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಯ ಕಡೆ ಇಳಿದಳು. ದಾರಿಯಲ್ಲಿ ಸಿಕ್ಕ ಜೆಬಿವೊತ್ ಅವಳ ತೋಳು ಹಿಡಿದಳು.

"ಎಲ್ಲಿಗೆ ಹೊರಟೆ?"

"ಆಚೆಗೆ. ಅವಳಿಗೂ ಗಂಡ ಸತ್ತಿದ್ದಾನೆ."

"ನಿನಗೇನು ತಲೆ ಕೆಟ್ಟಿದ್ಯಾ? ಕೊಂದು ಹಾಕ್ತಾರೆ ಕಣೇ."

"ಹಂಗಾದ್ರೆ ನೀನೂ ಬಾ, ಹೆಣ ಹೊತ್ಕೊಂಡು ಬರೋಕೆ ಒಬ್ರು ಬೇಕಲ್ಲ."

ಜೆಬಿವೊತ್ ಹೋದಳು. ಚೆಪುಸೆಪ ಬುರುಡೆಯನ್ನು ಎರಡು ಕೈಯಲ್ಲಿ ಇಸಿದುಕೊಂಡು, ಅವರ ಕಣ್ಣೆದುರೇ ಹಾಲನ್ನೆಲ್ಲ ನೆಲಕ್ಕೆ ಸುರಿದು, ಬರಿದಾದ ಬುರುಡೆಯನ್ನು ಹಿಂದಕ್ಕೆ ಕೊಟ್ಟಳು. ಕಿಮೋಯ್ ಬುರುಡೆ ತೊಳೆದು, ಒಳಗೆ ಇದ್ದಿಲಿನ ಕರಿ ಉಜ್ಜಿ, ಮತ್ತೆ ಹಾಲು ಹೆಪ್ಪಿಟ್ಟು ಮತ್ತೆ ಹೋದಳು. ಎಷ್ಟು ಸಲ ಸುರಿಸಿಕೊಂಡಳೋ. ಚೆಪುಸೆಪಳ ಹೆರಿಗೆ ಕಷ್ಟವಾದ ದಿನ ಮಾತ್ರ ಅವರೇ ಕರೆ ಕಳಿಸಿದರು. ಅವಳ ಮಗ ಲೋಮುಕ್ ಹುಟ್ಟಿದ್ದು ಕಿಮೋಯ್‌ಳ ಕೈಯೊಳಗೆ.

ಅಲ್ಲಿಂದ ಮುಂದಿನದು ಅವಳ ನಿಜವಾದ ಬದುಕು. ಹೊಳೆದಂಡೆಯ ಸಂತೆ ಮತ್ತೆ ಕೂಡಿತು. ಅವಳ ಮಾವಿನಹಣ್ಣಿನ ಬುಟ್ಟಿ ಎರಡು ಕಡೆಯವರ ನಡುವಿನ ಗೆರೆಯ ಮೇಲೇ ಇರುತ್ತಿತ್ತು. ಆಡು ತಪ್ಪಿಸಿಕೊಂಡು ಆಚೆ ಹೋದರೆ ಗಂಡಸರು ಬಿಲ್ಲು ಮುಟ್ಟುವ ಮೊದಲು ಅವಳು ಹೋಗಿ ಹೊಡೆದುಕೊಂಡು ಬರುತ್ತಿದ್ದಳು. ಅವಳ ಪದ್ಧತಿ ಒಂದೇ: ಕಂಡದ್ದನ್ನು ಮಾತ್ರ ಹೇಳುವುದು, ಎರಡೂ ದಡದಲ್ಲಿ ಅದೇ ಮಾತನ್ನು ಹೇಳುವುದು. ಕಿಮೋಯ್ ಕಂಡೆ ಎಂದರೆ ಕಂಡದ್ದೇ, ಕಾಣಲಿಲ್ಲ ಎಂದರೆ ಕಾಣದ್ದೇ ಎಂಬುದು ಆಚೆಯ ಹಿರಿಯ ಲಿಮಂಗುರನ ಬಾಯಲ್ಲೂ ಬಂತು. ಊರಿಗೆ ಹೊಸದಾಗಿ ಬಂದ ಸಭಾಪಾಲಕ ಎಲೀಯರು ಅವಳನ್ನು ಹೆಂಗಸರ ಕೂಟದ ಮುಖ್ಯಸ್ಥೆ ಮಾಡಿದರು.

ಹಾಗೆಂದು ಅವಳನ್ನು ಸಂತಳೆಂದು ಯಾರೂ ತಿಳಿಯಬಾರದು. ಅವಳ ನಾಲಿಗೆ ಖಾರ. ಚರ್ಚಿನಲ್ಲಿ ಅವಳು ಹಾಡಿದರೆ ಪಕ್ಕದವರಿಗೆ ರಾಗ ತಪ್ಪುತ್ತಿತ್ತು. ತಾನೇ ಸರಿ, ಉಳಿದವರದ್ದೇ ಅಪಸ್ವರ ಎಂದು ವಾದಿಸುತ್ತಿದ್ದಳು. ತನ್ನ ಕೋಳಿ ಕದ್ದ ನೆರೆಯವಳನ್ನು ಸಾಯುವವರೆಗೂ ಕ್ಷಮಿಸಲಿಲ್ಲ. "ಶತ್ರುಗಳನ್ನ ಪ್ರೀತಿಸ್ಬಹುದು ಕಣೇ, ಕೋಳಿ ಕಳ್ಳೀನ ಹೆಂಗೆ ಪ್ರೀತಿಸ್ಲಿ?" ಎಂದು ಜೆಬಿವೊತ್‌ಳನ್ನು ನಗಿಸುತ್ತಿದ್ದಳು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜೆಬಿವೊತ್ ಓದಿದ್ದು ಬಹಳ. ಆದರೆ ಅವಳ ದಿನ ತುಂಬುತ್ತಿದ್ದುದು ಸಂಜೆ ಈ ಗೆಳತಿಯ ಅಂಗಳದಲ್ಲಿ ಕೂತು ಮುದ್ದೆ ಮುರಿದಾಗ.

ಕಿಸಾಂಗ್ ಬೆಳೆದ. ಹೊಳೆಯಾಚೆಯ ಲೋಮುಕ್ ಅವರ ಮನೆಯಲ್ಲಿ ಉಂಡು ಮಲಗಿ ಹೋಗುತ್ತಿದ್ದ ದಿನಗಳಿದ್ದವು. ಆಮೇಲೆ ಊರಿನ ಹುಡುಗರು ಕಿಸಾಂಗ್‌ನನ್ನು ಚುಚ್ಚತೊಡಗಿದರು. ಅಪ್ಪನ ಬಿಲ್ಲಿಗೆ ಹುಳ ಹಿಡಿದಿದೆ. ಅಮ್ಮ ಅಪ್ಪನನ್ನು ಕೊಂದವರಿಗೆ ಮಾವಿನಹಣ್ಣು ಮಾರುತ್ತಾಳೆ. ಇವನಿಗೆ ಯಾರು ಹೆಣ್ಣು ಕೊಡುತ್ತಾರೆ? ಅವನು ಚರ್ಚಿಗೆ ಬರುವುದು ಬಿಟ್ಟ. ಒಂದು ಬೇಸಿಗೆ, ಮೇವು ಬತ್ತಿ ಎಲ್ಲರ ಮಂದೆಯೂ ಹೊಳೆಯ ಹಸಿರಿಗೆ ಇಳಿದಿದ್ದಾಗ, ಆಚೆ ದಡದ ಪೊದೆಯ ಹಿಂದೆ ಲೋಮುಕ್‌ನ ಹೆಣ ಸಿಕ್ಕಿತು. ಬಾಣ ಬೆನ್ನಿಗೆ ಹೊಡೆದದ್ದು. ಅವನ ಆಡುಗಳಿರಲಿಲ್ಲ.

ಕಿಮೋಯ್ ಸುದ್ದಿ ಕೇಳಿ ಸೆರಗು ಕಟ್ಟಿಕೊಂಡು ಚೆಪುಸೆಪಳ ಮನೆಗೆ ಹೊರಟಿದ್ದಳು. ಮನೆಯ ಹಿಂದಿನ ಮುಳ್ಳುಬೇಲಿಯೊಳಗೆ ಆಡು ಕೂಗಿದ್ದು ಕೇಳಿ ನಿಂತಳು. ಬೇಲಿ ಸರಿಸಿದಾಗ ಕಂಡದ್ದು ಲೋಮುಕ್‌ನ ಕೆಂಪು ಮೇಕೆ. ಅದರ ಕಾಲಿನ ಗಾಯಕ್ಕೆ ಹೋದ ಸಂತೆಯಲ್ಲಿ ಔಷಧಿ ಹಚ್ಚಿದ್ದವಳು ಅವಳೇ. ಕಿಸಾಂಗ್ ಗುಡಿಸಲಿನ ನೆರಳಲ್ಲಿ ಕೂತು ಬಾಣದ ಗರಿ ಸರಿಪಡಿಸುತ್ತಿದ್ದ.

"ನೀನಾ?" ಎಂದಳು.

"ಹೂಂ."

ಕಿಮೋಯ್ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಜೆಬಿವೊತ್ ಬಂದಾಗ ಹಾಗೆಯೇ ಕೂತಿದ್ದಳು. ಮೇಕೆ ಅವಳ ಸೆರಗು ಅಗಿಯುತ್ತಿತ್ತು.

ಮರುದಿನ ಲಿಮಂಗುರನಿಂದ ಹೇಳಿಕೆ ಬಂತು. ಹೊಳೆಯ ಉದ್ದಕ್ಕೂ ಮರಕ್ವೆತ್ ಊರುಗಳಿವೆ. ಕೊಂದವನು ಯಾವ ಊರಿನವನೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಊರಿನ ತಾಯಿಯೊಬ್ಬಳು ಮರಳಿನಲ್ಲಿ ಪಟ್ಟಿ ಹಾಸಲಿ. ಹಾಸಿದರೆ ನಿಮ್ಮ ಮನೆಗಳಲ್ಲಿ ರಕ್ತವಿಲ್ಲವೆಂದು ನಂಬಿ ಮುಂದಿನ ಊರಿಗೆ ಹೋಗುತ್ತೇವೆ. ಹಾಸದಿದ್ದರೆ ನಿಮ್ಮಲ್ಲಿಗೇ ಬರುತ್ತೇವೆ.

ಊರಿನಲ್ಲಿ ಕೊಲೆಯ ರಕ್ತ ಇಟ್ಟುಕೊಂಡು ಪಟ್ಟಿ ಹಾಸಿದವಳ ಮಕ್ಕಳನ್ನು ಪಟ್ಟಿಯೇ ನುಂಗುತ್ತದೆಂದು ಎರಡೂ ದಡದಲ್ಲಿ ಗೊತ್ತು.

ಹೊತ್ತು ಇಳಿಯುವಾಗ ಮೈದುನ ಸುಟೆರ್, ಇನ್ನಿಬ್ಬರು ಹಿರಿಯರು ಮತ್ತು ಸಭಾಪಾಲಕ ಎಲೀಯ ಕಿಮೋಯ್‌ಳ ಅಂಗಳಕ್ಕೆ ಬಂದರು. ಸುಟೆರ್‌ನ ಕಂಕುಳಲ್ಲಿ ತೀರಿಹೋದ ಕೊಬಿಲೊಳ ಪಟ್ಟಿ ಇತ್ತು. ಎಣ್ಣೆ ಸವರಿ ಮಿಂಚುವಂತೆ ಮಾಡಿದ್ದರು. ಜೆಬಿವೊತ್ ಒಲೆಯ ಮುಂದೆ ಕೂತು ಜೋಳದ ಹಿಟ್ಟು ತೊಳಸುತ್ತಿದ್ದಳು.

"ಅತ್ತಿಗೆ, ನಾಳೆ ನೀನು ಮುಂದೆ ನಡೀಬೇಕು," ಎಂದ ಸುಟೆರ್.

"ಎಲ್ಲಿಗೆ? ದಿಬ್ಬಣಕ್ಕಾ?"

"ತಮಾಷೆ ಮಾಡೋ ಹೊತ್ತಲ್ಲ ಇದು. ಅಮ್ಮನ ಪಟ್ಟಿ ತಂದಿದೀನಿ. ನೀನು ಹಾಸಿದ್ರೆ ಲಿಮಂಗುರ ಎರಡನೇ ಮಾತಾಡಲ್ಲ."

"ಊರಲ್ಲಿ ಎಷ್ಟೊಂದು ತಾಯಂದಿರಿದ್ದಾರೆ, ಆ ಕಾಳಗ ಆದ್ಮೇಲೆ ಸ್ವಂತ ಪಟ್ಟಿ ಹೊಲಿಸ್ಕೊಂಡೋರು. ಅವರನ್ನ ಕೇಳು."

"ಅವರು ಯಾರೂ ಒಪ್ತಿಲ್ಲ."

"ಯಾಕಂತೆ?"

ಉತ್ತರ ಜೆಬಿವೊತ್ ಕೊಟ್ಟಳು: "ಯಾಕಂದ್ರೆ ಆಡು ಕೂಗಿದ್ದು ಊರಿಗೆಲ್ಲ ಕೇಳಿದೆ. ಸುಳ್ಳು ಹಾಸಿ ಮಕ್ಕಳನ್ನ ಕಳ್ಕೊಳ್ಳೋಕೆ ಅವರಿಗೆ ಭಯ."

"ನಿನಗೆ ಆ ಭಯ ಇಲ್ವಲ್ಲ ಅತ್ತಿಗೆ," ಎಂದ ಸುಟೆರ್. "ನೀನು ಚರ್ಚಿನವಳು. ನಿನಗೆ ಇದು ಬರೀ ತೊಗಲು."

ಕಿಮೋಯ್ ಗಟ್ಟಿಯಾಗಿ ನಕ್ಕಳು. ಆ ನಗುವಿಗೆ ಒಬ್ಬ ಹಿರಿಯ ಎದ್ದು ನಿಂತ. "ಓಹೋ! ಊರಲ್ಲಿ ಸುಳ್ಳು ಹೇಳೋಕೆ ಯಾರೂ ಸಿಗ್ಲಿಲ್ಲ ಅಂತ ದೇವರಿಗೆ ನಡ್ಕೊಳ್ಳೋಳನ್ನ ಹುಡುಕ್ಕೊಂಡು ಬಂದ್ರಾ?" ಎಂದಳು.

ಸಭಾಪಾಲಕರು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಮೆಲ್ಲಗೆ ಶುರು ಮಾಡಿದರು. "ನೋಡಿ ಲುದಿಯಮ್ಮ," — ಅದು ಅವಳ ದೀಕ್ಷೆಯ ಹೆಸರು — "ಬಾಯಲ್ಲಿ ಏನೂ ಹೇಳಬೇಕಾಗಿಲ್ಲ. ಹಾಸಿ ಬಂದುಬಿಡಿ. ಆ ವಸ್ತುವಿನಲ್ಲಿ ಯಾವ ಶಕ್ತಿಯೂ ಇಲ್ಲ ಅಂತಲೇ ಅಲ್ವಾ ಅವತ್ತು ಸುಟ್ಟದ್ದು? ಶಕ್ತಿಯೇ ಇಲ್ಲದ್ದರಿಂದ ಸುಳ್ಳು ಹೇಗೆ ಆಗುತ್ತೆ? ಮಕ್ಕಳು ಉಳೀತಾರೆ. ಸಮಾಧಾನ ಮಾಡೋದೇ ನಮ್ಮ ಸೇವೆ ಅಂತ ಕೂಟದಲ್ಲಿ ನೀವೇ ಹೇಳ್ತೀರಿ."

"ಅಯ್ಯನವರೇ, ನಿಮಗೂ ನನಗೂ ಅದು ತೊಗಲು. ಲಿಮಂಗುರನಿಗೆ ಅದು ಮಾತು. ಅವನು ನಂಬೋ ಮಾತಲ್ಲಿ ಅವನಿಗೆ ಸುಳ್ಳು ಹೇಳಿದ್ರೆ ದೇವರಿಗೆ ಅರ್ಥ ಆಗಲ್ವಾ?"

"ಆದರೆ ರಕ್ತ ಹರಿಯೋದು ತಪ್ಪುತ್ತಲ್ಲ."

"ಎಲ್ಲಿ ತಪ್ಪುತ್ತೆ? ಇಲ್ಲಿ ಹಾಸಿದ್ರೆ ಅವರು ಕೆಳಗಿನ ಊರಿಗೆ ಹೋಗ್ತಾರೆ. ಅಲ್ಲಿ ಯಾವಳಾದ್ರೂ ಬಸುರಿ ಬಾಣಂತಿ ಪಟ್ಟಿ ಹಾಸೋಕೆ ಎದ್ದು ಬರೋದು ತಡ ಆದ್ರೆ? ನನ್ನ ಮಗ ಮಾಡಿದ್ದಕ್ಕೆ ಅವಳ ಮಗ ಸಾಯ್ಲಾ? ಹೇಳಿ ಅಯ್ಯನವರೇ, ನೀವು ಓದಿದೋರು."

ಟೋಪಿ ತಿರುಗುವುದು ನಿಂತಿತು. ಸುಟೆರ್ ಪಟ್ಟಿಯನ್ನು ಅವಳ ಪಾದದ ಬಳಿ ಇಟ್ಟು, "ನಮ್ಮಣ್ಣನ ಒಬ್ಬನೇ ಮಗ ಅವನು. ಮರೀಬೇಡ," ಎಂದು ಹೇಳಿ ಹೋದ.

ಬೆಳಕಿರುವಾಗಲೇ ಕಿಮೋಯ್ ಮಗನನ್ನು ಕರೆದಳು. ಜೆಬಿವೊತ್ ಏಳಹೋದರೆ ಕೈಸನ್ನೆ ಮಾಡಿ ಕೂರಿಸಿದಳು.

"ನಾಳೆ ನಾನು ಹೇಳ್ತೀನಿ ಕಣೋ. ಮೊದ್ಲೇ ಹೇಳ್ತಿದೀನಿ, ಆಮೇಲೆ ಅಮ್ಮ ಹಿಂದಿನಿಂದ ಹೊಡೆದ್ಲು ಅನ್ಬೇಡ."

"ನೀನು ಹೇಳಲ್ಲ," ಎಂದ ಕಿಸಾಂಗ್. ಧೈರ್ಯವಾಗಿಯೇ ಹೇಳಿದ. "ನಾನೊಬ್ನೇ ಇರೋದು ನಿನಗೆ."

"ಜೊತೆಗೆ ಬಾ. ನಿನ್ನ ಬಾಯಿಂದ ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

"ಅಪ್ಪನ್ನ ಕೊಂದವರ ಮನೇಲಿ ಕೂತು ಹರಟೆ ಹೊಡ್ದು ಬರೋಳು ನೀನು. ಒಬ್ಬನಾದ್ರೂ ಗಂಡಸು ಇರ್ಲಿ ಈ ಮನೇಲಿ."

"ನಿಮ್ಮಪ್ಪನ್ನ ಕೊಂದವನು ಅವತ್ತೇ ಸತ್ತ. ಲೋಮುಕ್ ಆವಾಗ ಹೊಟ್ಟೇಲಿದ್ದ. ಅವನ ಹೊಕ್ಕಳ ಬಳ್ಳಿ ಕೊಯ್ದದ್ದು ಈ ಕೈ."

ಕಿಸಾಂಗ್ ತಾಯಿಯ ಕೈಯನ್ನು ನೋಡಿದ. ಓಡಿಹೋಗಲು ಬೆಟ್ಟದ ದಾರಿ ತೆರೆದೇ ಇತ್ತು. ಅವನು ಹೋಗಲಿಲ್ಲ. ತಾಯಿ ತನ್ನ ಹೆಸರು ಹೇಳುತ್ತಾಳೆಂದು ಅವನಿಗೆ ಕೊನೆಯವರೆಗೂ ನಂಬಿಕೆ ಬಂದಿರಲಿಲ್ಲ. ಅದಕ್ಕೇ ಬೆಳಿಗ್ಗೆ ಉಳಿದ ಗಂಡಸರ ಜೊತೆ ಬಿಲ್ಲು ಹಿಡಿದು ಮರಳಿಗೆ ಬಂದು ನಿಂತ.

ಹೊಳೆಯಲ್ಲಿ ನೀರು ಒಂದು ಎಳೆಯಷ್ಟೇ ಇತ್ತು. ಆಚೆ ಕಡೆ ಲಿಮಂಗುರ, ಅವನ ಹಿಂದೆ ಸಾಲುಗಟ್ಟಿದ ಹುಡುಗರು. ಕೆಲವರ ಕೈಯಲ್ಲಿ ಬಂದೂಕು. ಹೆಂಗಸರ ನಡುವೆ ತಲೆ ಬೋಳಿಸಿಕೊಂಡ ಚೆಪುಸೆಪ. ಕಿಮೋಯ್ ಪಟ್ಟಿಯನ್ನು ಮಡಿಸಿ ಎದೆಗೆ ಹಿಡಿದುಕೊಂಡು ಮರಳಿನ ನಡುವಿನವರೆಗೆ ನಡೆದಳು. ಜೆಬಿವೊತ್ ಅವಳ ಹಿಂದೆ ನಿಂತಳು.

"ಹಾಸು ತಾಯಿ," ಎಂದ ಲಿಮಂಗುರ. "ನೀನು ಬಂದದ್ದು ಒಳ್ಳೇದಾಯ್ತು. ನೀನು ಹಾಸಿದ್ರೆ ನಾವು ಹೊರಟ್ವಿ."

ಕಿಮೋಯ್ ಪಟ್ಟಿಯ ಮಡಿಕೆ ಬಿಚ್ಚಲಿಲ್ಲ.

"ಹಾಸೋಕಾಗಲ್ಲ ಅಪ್ಪಾ," ಎಂದಳು. "ರಕ್ತ ನನ್ನ ಮನೇಲೇ ಇದೆ. ನನ್ನ ಮಗ ಕಿಸಾಂಗ್ ಮಾಡಿದ್ದು. ಆಡುಗಳು ನನ್ನ ಬೇಲಿಯೊಳಗಿವೆ. ಊರಿನವರದ್ದು ತಪ್ಪಿಲ್ಲ. ಕೆಳಗಿನ ಊರವರದ್ದೂ ತಪ್ಪಿಲ್ಲ."

ಹಿಂದೆ ಯಾರೋ ಅವಳ ಹೆಸರು ಹಿಡಿದು ಹೊಲಸು ಬೈದರು. ಪೊಕೊತ್ ಹುಡುಗನೊಬ್ಬ ಬಂದೂಕು ಎತ್ತಿದ. ಲಿಮಂಗುರ ಕೋಲಿನಿಂದ ಅದರ ನಳಿಕೆಯನ್ನು ನೆಲಕ್ಕೆ ಒತ್ತಿದ.

"ಇಳಿಸು. ಹೆತ್ತವಳೇ ಹೆಸರು ಹೇಳಿದ್ಮೇಲೆ ಇವತ್ತು ಇಲ್ಲಿ ಯಾರೂ ಹೊಡೆಯಂಗಿಲ್ಲ."

ಕಿಸಾಂಗ್ ಓಡಲಿಲ್ಲ, ಬಿಲ್ಲನ್ನೂ ಎತ್ತಲಿಲ್ಲ. ಸಂತೆಯ ಜನಜಂಗುಳಿಯಲ್ಲಿ ತಾಯಿಯ ಕೈ ತಪ್ಪಿದ ಮಗುವಿನ ಮುಖ ಅವನದು. ಎರಡೂ ಕಡೆಯ ಹಿರಿಯರು ಅವನನ್ನು ನಡುವೆ ಇಟ್ಟುಕೊಂಡು ಪೊಲೀಸ್ ಠಾಣೆಯ ದಾರಿ ಹಿಡಿದರು. ಚೆಪುಸೆಪ ಕಿಮೋಯ್‌ಳ ಹತ್ತಿರ ಬಂದಳು. ಅಪ್ಪಿಕೊಳ್ಳುತ್ತಾಳೆ ಎಂದೇ ಜೆಬಿವೊತ್ ಎಣಿಸಿದ್ದಳು.

"ನಿನ್ನ ಮಗ ಜೈಲಲ್ಲಿ ಉಣ್ತಾನೆ," ಎಂದಳು ಚೆಪುಸೆಪ. "ನನ್ನ ಮನೆ ಕಡೆ ಇನ್ನು ಬರಬೇಡ."

ಅಂದು ಯಾರೂ ಸಾಯಲಿಲ್ಲ. ಈ ಊರಿನಲ್ಲಾಗಲಿ ಕೆಳಗಿನ ಊರಿನಲ್ಲಾಗಲಿ ಒಂದು ಗುಡಿಸಲೂ ಉರಿಯಲಿಲ್ಲ. ಆ ಬೆಳಿಗ್ಗೆ ತೊಟ್ಟಿಲಲ್ಲಿದ್ದ ಮಕ್ಕಳು ಬೆಳೆದು ಜೆಬಿವೊತ್‌ಳ ತರಗತಿಗೆ ಬಂದರು. ಅವರೂ ದಾರಿಯಲ್ಲಿ ಕಿಮೋಯ್ ಎದುರಾದರೆ ಮುಖ ತಿರುಗಿಸುವುದನ್ನು ಮನೆಯಲ್ಲಿ ಕಲಿತಿದ್ದರು.

ಬೆಟ್ಟದಿಂದ ಇಳಿಯುವ ಕಾಲುವೆಯ ನೀರಿನ ಸರದಿ ಹಂಚುವವರು ಗಂಡಸರು. ಕಾಲುವೆಯ ಮೂಲಕ್ಕೆ ಹೆಂಗಸು ಹೋಗುವಂತಿಲ್ಲ. ಕಿಮೋಯ್‌ಳ ಸರದಿ ಪ್ರತಿ ಸಲವೂ ಕೊನೆಗೆ ಜಾರುತ್ತಿತ್ತು, ಕೊನೆಯವಳಿಗೆ ನೀರು ಮುಟ್ಟುತ್ತಿರಲಿಲ್ಲ. ಸಭಾಪಾಲಕರು, ಎಲ್ಲ ತಣ್ಣಗಾಗುವವರೆಗೆ ಎಂದು ಹೇಳಿ, ಕೂಟದ ಮುಖ್ಯಸ್ಥೆಯನ್ನು ಬದಲಾಯಿಸಿದರು. ಅವಳು ಹಿಂದಿನ ಬೆಂಚಿಗೆ ಹೋಗಿ ಕೂತು ಮೊದಲಿನಷ್ಟೇ ಜೋರಾಗಿ, ಮೊದಲಿನಷ್ಟೇ ಕೆಟ್ಟದಾಗಿ ಹಾಡಿದಳು. ಬೆಂಚಿನಲ್ಲಿ ಅವಳ ಪಕ್ಕ ಜೆಬಿವೊತ್ ಒಬ್ಬಳೇ. ಆಮೇಲೆ ಮೇಲಿನ ಕಣಿವೆಯಲ್ಲಿ ಬೇರೆ ಜನ ಬೇರೆ ಕಾರಣಕ್ಕೆ ಕಾದಾಡಿದರು, ಆ ಕಾಳಗ ಇಲ್ಲಿಗೂ ಹರಿಯಿತು, ಸಂತೆ ಮತ್ತೆ ಮುಚ್ಚಿತು. "ಮಗನ್ನ ಕೊಟ್ಟು ತಂದ ಸಮಾಧಾನ ನೋಡ್ರಪ್ಪ," ಎಂದು ಬಾವಿಯ ಬಳಿ ಅವಳಿಗೆ ಕೇಳುವ ಹಾಗೆ ಆಡಿಕೊಂಡರು.

ಪಟ್ಟಣದ ಜೈಲಿಗೆ ಅವಳು ಹುಳಿಹಾಲು ಹೊತ್ತು ಹೋಗುತ್ತಿದ್ದಳು. ಕಿಸಾಂಗ್ ಒಮ್ಮೆಯೂ ಹೊರಗೆ ಬಂದು ಅವಳನ್ನು ನೋಡಲಿಲ್ಲ. ಅಂಥ ಒಂದು ದಿನ ಹಿಂದಿರುಗುವ ಲಾರಿಯ ಮೂಟೆಗಳ ಮೇಲೆ ಕೂತು ಜೆಬಿವೊತ್ ಕೇಳಿದಳು: "ಪಶ್ಚಾತ್ತಾಪ ಆಗುತ್ತಾ?"

"ಇಲ್ಲ. ಸರಿಯಾದ್ದೇ ಮಾಡ್ದೆ. ಅದು ಗೊತ್ತಿದ್ರೆ ನಿದ್ದೆ ಬರುತ್ತೆ ಅನ್ಕೊಂಡಿದ್ದೆ ಕಣೇ. ಬರಲ್ಲ."

ಕಿಸಾಂಗ್ ಬಿಡುಗಡೆಯಾಗಿ ಬಂದಾಗ ಸುಟೆರ್ ಆಡು ಕೊಯ್ದು ಊರಿಗೆ ಊಟ ಹಾಕಿದ. ಅವನು ಚಿಕ್ಕಪ್ಪನ ಅಂಗಳದಲ್ಲೇ ಉಳಿದ. ಎರಡು ಅಂಗಳದ ನಡುವೆ ಒಂದು ಬೇಲಿ. ಬೆಳಿಗ್ಗೆ ಅವನು ಕೆಮ್ಮುವುದು ತಾಯಿಗೆ ಕೇಳುತ್ತಿತ್ತು. "ಎದೆ ಕಟ್ಟಿದೆ ಅವನಿಗೆ, ಜೈಲಿನ ನೆಲದ ತಂಡಿ," ಎನ್ನುತ್ತಿದ್ದಳು, ಅಷ್ಟೆ.

ಈ ವರ್ಷ ಮಳೆಗೆ ಮುಂಚೆ ಕಿಮೋಯ್ ಒಲೆಯ ಮುಂದೆ ಬಿದ್ದಳು. ಬಲಗಡೆ ಸತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಆಸ್ಪತ್ರೆಗೆ ಹೊರಲು ಗಂಡಾಳು ಕೇಳಿ ಜೆಬಿವೊತ್ ಮನೆಮನೆ ತಿರುಗಿದಳು; ಎಲ್ಲರಿಗೂ ಹೊಲದಲ್ಲಿ ಕೆಲಸವಿತ್ತು. ಸುಟೆರ್‌ನ ಅಂಗಳದಲ್ಲಿ ಕಿಸಾಂಗ್ ಕೊಡಲಿ ಮಸೆಯುತ್ತಿದ್ದ. ಅವನು ತಲೆ ಎತ್ತಲಿಲ್ಲ. ಕೊನೆಗೆ ಸಭಾಪಾಲಕರು ಗಾಡಿ ಹೊಂದಿಸುವ ಹೊತ್ತಿಗೆ ತಡವಾಗಿತ್ತು. ಜೆಬಿವೊತ್ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಿಮೋಯ್‌ಳ ಕಣ್ಣು ಮಾತ್ರ ಬೇಲಿಯ ಕಡೆಯೇ ಇತ್ತು ಎಂದು ಹೇಳಿದರೆ ಕೇಳಲು ಚೆನ್ನ. ಆದರೆ ಆ ಕಣ್ಣು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಹಾಗೆಯೇ ಹೋದಳು.

ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ಹೊಳೆಯಾಚೆಯಿಂದ ಯಾರೂ ಬರಲಿಲ್ಲ. ಕಿಸಾಂಗ್ ದೂರದಲ್ಲಿ ನಿಂತಿದ್ದ. ಮೊದಲ ಮಣ್ಣು ಹಾಕಬೇಕಾದವನು ಮಗ. ಸಭಾಪಾಲಕರು ಎರಡು ಸಲ ಅವನ ಕಡೆ ನೋಡಿ, ಆಮೇಲೆ ತಾವೇ ಹಾಕಿದರು. ಎಲ್ಲರೂ ಚದುರಿದ ಮೇಲೆ ಅವನು ಹತ್ತಿರ ಬಂದ. ಗುಂಡಿಯ ಮೇಲಿನ ಹಸಿಮಣ್ಣನ್ನು ನೋಡುತ್ತ ಕೇಳಿದ:

"ಚಿಕ್ಕಮ್ಮ, ಕೊನೆಗೆ ನನ್ನ ಹೆಸರು ಕರೆದ್ಲಾ?"

ಹೌದು ಎಂಬ ಮಾತು ಜೆಬಿವೊತ್‌ಳ ಬಾಯಿಯವರೆಗೂ ಬಂದಿತ್ತು. ಒಂದು ಪದ. ಅದರಿಂದ ಯಾರಿಗೂ ಕೇಡಿಲ್ಲ, ಕೇಳಿದವನ ಕೂದಲು ಆಗಲೇ ನರೆತಿತ್ತು, ಹೇಳಿದ್ದರೆ ಅವನು ಅಲ್ಲೇ ಕುಸಿದು ಅಳುತ್ತಿದ್ದನೋ ಏನೋ. ಅವಳು ಮಣ್ಣಿನ ಗುಡ್ಡೆಯನ್ನು ನೋಡಿದಳು.

"ಇಲ್ಲಪ್ಪ. ನಾಲಿಗೆ ಬಿದ್ದುಹೋಗಿತ್ತು. ಯಾರ ಹೆಸರನ್ನೂ ಕರೆಯಲಿಲ್ಲ."

ಕಿಸಾಂಗ್ ತಲೆಯಾಡಿಸಿದ. ಕೆಮ್ಮು ಬಂತು, ಮುಗಿಯುವವರೆಗೆ ಬಾಗಿ ನಿಂತ.

"ನೀನಾದ್ರೂ ಒಂದು ಸುಳ್ಳು ಹೇಳಬಹುದಿತ್ತು," ಎಂದು ಹೇಳಿ, ಚಿಕ್ಕಪ್ಪನ ಅಂಗಳದ ಕಡೆ ನಡೆದ.